ಸೀಮೆ ಹುಲ್ಲು ತಿನ್ನುವ ಕುದುರೆ ಕುಂಟುತ್ತಿದೆ, ಮುಖದ ಮೂಳೆ ಉಬ್ಬಿದೆ: ಮೇವು ಬದಲಿಸಬೇಕಾ?

ಯಲಹಂಕ_ತೋಟ:
ನಮಸ್ಕಾರ. ಏಳು ವರ್ಷದ ಹೆಣ್ಣು ಕುದುರೆ, ತೂಕ ಸುಮಾರು 400 ಕಿಲೋ. ಮನೇಲಿ ಹಸುಗಳಿವೆ, ಅವಕ್ಕೆ ಬೆಳೆಯೋ ಕೋ-4 ತಳಿಯ ಸೀಮೆ ಹುಲ್ಲನ್ನೇ (ನೇಪಿಯರ್) ಇವಳಿಗೂ ದಿನಕ್ಕೆ 25 ಕಿಲೋ ಹಾಕ್ತೀವಿ, ಜೊತೆಗೆ 3 ಕಿಲೋ ಗೋಧಿ ಬೂಸಾ. ವರ್ಷದಿಂದ ಇದೇ ಮೇವು. ಎರಡು ತಿಂಗಳಿಂದ ಕುಂಟುತ್ತಾಳೆ. ಒಂದು ದಿನ ಮುಂದಿನ ಎಡಗಾಲು, ಮರುದಿನ ಹಿಂದಿನ ಕಾಲು. ಲಾಳ ಬಿಚ್ಚಿಸಿ ನೋಡಿದೆವು, ಗೊರಸು ಚೆನ್ನಾಗಿದೆ. ಈಗ ಕಣ್ಣಿನ ಕೆಳಗೆ ಎರಡೂ ಕಡೆ ಮೂಳೆ ಉಬ್ಬಿದೆ. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಿದೆ ಅಂತ ಬಂತು. ತಿಳಿದವರು ಹೇಳಿ.

ಲಗಾಮು:
ಸರ್, ಆ ರಿಪೋರ್ಟ್ ನೋಡಿ ಸುಮ್ಮನಾಗಬೇಡಿ. ರಕ್ತಕ್ಕೆ ಕಡಿಮೆಯಾದ ಕ್ಯಾಲ್ಸಿಯಂ ಅನ್ನು ದೇಹ ಮೂಳೆಯಿಂದ ಕಿತ್ತು ತುಂಬಿಕೊಳ್ಳುತ್ತೆ, ಅದಕ್ಕೇ ಪರೀಕ್ಷೆಯಲ್ಲಿ ಸರಿಯಾಗಿ ಕಾಣೋದು. ಸೀಮೆ ಹುಲ್ಲಿನಲ್ಲಿ ಆಕ್ಸಲೇಟ್ ಜಾಸ್ತಿ. ಅದು ಕರುಳಲ್ಲೇ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತೆ. ಬೂಸಾದಲ್ಲಿ ರಂಜಕ (ಫಾಸ್ಫರಸ್) ಕ್ಯಾಲ್ಸಿಯಂನ ಎಂಟು-ಹತ್ತು ಪಟ್ಟು ಇರುತ್ತೆ, ಅದೂ ಕ್ಯಾಲ್ಸಿಯಂ ಮೈಗೆ ಹತ್ತೋದನ್ನ ತಡೆಯುತ್ತೆ. ಎರಡೂ ಸೇರಿದರೆ ಮೂಳೆ ಟೊಳ್ಳಾಗಿ ಮುಖ ಉಬ್ಬುತ್ತೆ, ಇದಕ್ಕೆ 'ಬಿಗ್ ಹೆಡ್' ರೋಗ ಅಂತಾರೆ. ಹಿಂದೆ ಹಿಟ್ಟಿನ ಗಿರಣಿಯವರು ಸಾಕಿದ ಕುದುರೆಗಳಿಗೂ ಬೂಸಾದಿಂದಲೇ ಈ ರೋಗ ಬರ್ತಿತ್ತು. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದು ತೋರಿಸಿ, ಮೇವಿನ ವಿವರ ಪೂರ್ತಿ ಹೇಳಿ. ಅಲ್ಲಿಯವರೆಗೆ ಓಡಿಸಬೇಡಿ, ಮೂಳೆ ಮುರಿದೀತು.

ಯಲಹಂಕ_ತೋಟ:
ಅದೇ ಹುಲ್ಲು ತಿಂದ ಹಸುಗಳು ಚೆನ್ನಾಗೇ ಇವೆಯಲ್ಲ?

ಲಗಾಮು:
ಹಸುವಿನ ಮೊದಲ ಹೊಟ್ಟೆಯಲ್ಲಿರೋ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆದುಹಾಕ್ತವೆ. ಕುದುರೆಗೆ ಅಂಥ ಜೀವಿಗಳಿರೋದು ಹಿಂದಿನ ದೊಡ್ಡ ಕರುಳಲ್ಲಿ. ಮೇವು ಅಲ್ಲಿಗೆ ಸೇರೋ ಹೊತ್ತಿಗೆ ಕ್ಯಾಲ್ಸಿಯಂ ಹೀರುವ ಜಾಗ ದಾಟಿಹೋಗಿರುತ್ತೆ.

ಬೂಸಾ ನಿಲ್ಲಿಸಿ. ಇವಳಿಗೆ ದಿನಕ್ಕೆ 6ರಿಂದ 8 ಕಿಲೋ ಒಣ ಮೇವು ಬೇಕು. ನೀವು ಹಾಕೋ 25 ಕಿಲೋ ಹಸಿ ಹುಲ್ಲಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಸೀಮೆ ಹುಲ್ಲಿನ ಬದಲು ಒಣಗಿಸಿದ ಓಟ್ಸ್ ಹುಲ್ಲು ಅಥವಾ ರೋಡ್ಸ್ ಹುಲ್ಲು 5 ಕಿಲೋ, ಒಣಗಿಸಿದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್) 2 ಕಿಲೋ ಕೊಡಿ. ಸೊಪ್ಪಿನಲ್ಲಿ ಕ್ಯಾಲ್ಸಿಯಂ ಧಾರಾಳ. ಒಮ್ಮೆಲೇ ಬದಲಿಸಿದರೆ ಹೊಟ್ಟೆನೋವು ಬರುತ್ತೆ, ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಖನಿಜ ಮಿಶ್ರಣ ಎಷ್ಟು ಅನ್ನೋದನ್ನ ಡಾಕ್ಟರೇ ಹೇಳಲಿ.

ಒಣ ಹುಲ್ಲು ಕೊಳ್ಳುವಾಗ ಕಟ್ಟಿನ ನಡುವೆ ಕೈ ತೂರಿಸಿ. ಬೆಚ್ಚಗಿದ್ದರೆ ಹಸಿಯಾಗೇ ಕಟ್ಟಿದ್ದಾರೆ ಅಂತ. ಒಂದು ಹಿಡಿ ಎಳೆದು ಬಿಸಿಲಿಗೆ ಹಿಡಿದು ಕೊಡವಿ. ಬೂದಿಯಂಥ ಪುಡಿ ಎದ್ದು ಮೂಗಿಗೆ ಮುಗ್ಗಲು ಬಡಿದರೆ ಕಡಿಮೆ ಬೆಲೆಗೂ ಬೇಡ, ಬೂಷ್ಟು ಕುದುರೆಗೆ ಕೆಮ್ಮು ತರುತ್ತೆ.

ಯಲಹಂಕ_ತೋಟ (ಎರಡು ತಿಂಗಳ ನಂತರ):
ಡಾಕ್ಟರೂ ಇದೇ ರೋಗ ಅಂದರು. ಮುಖದ ಉಬ್ಬು ಹಾಗೇ ಇದೆ, ಪೂರ್ತಿ ಇಳಿಯೋದು ಕಷ್ಟವಂತೆ. ಆದರೆ ಕುಂಟುವುದು ನಿಂತಿದೆ. ಇವತ್ತು ಬೆಳಿಗ್ಗೆ ಸೊಪ್ಪಿನ ಬುಟ್ಟಿ ಕಂಡದ್ದೇ ಬೇಲಿಯ ಆ ಕಡೆಯಿಂದ ತಾನಾಗೇ ಓಡಿ ಬಂದಳು.