ಪದ ಬೇಕು: ನೊಣದ ಕರುಳಿನಲ್ಲಿ ಕಾಯಂ ಇರುವ ಸೂಕ್ಷ್ಮಾಣುಗಳಿಗೆ

ಧಾರವಾಡದಿಂದ:
ಕೃಷಿ ಮೇಳದ ಮಳಿಗೆಗೆ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಹುಬ್ಬಳ್ಳಿಯಲ್ಲಿ ಮುದ್ರಣಕ್ಕೆ ಹೋಗಬೇಕು. ವಿಷಯ, ಬಾಳೆಹಣ್ಣಿನ ಬುಟ್ಟಿಗೆ ಮುತ್ತುವ ಡ್ರೊಸೊಫಿಲಾ ನೊಣದ ಕರುಳು. ರೋಗಾಣು ಉಗುಳುವ ಯುರಾಸಿಲ್ ಎಂಬ ರಾಸಾಯನಿಕದ ಸುಳಿವು ಹತ್ತಿದರೆ ಡುಯಾಕ್ಸ್ ಕಿಣ್ವ ರೋಗಾಣುವನ್ನು ಕೊಲ್ಲುವ ಉಗ್ರ ಆಮ್ಲಜನಕದ ಅಣುಗಳನ್ನು ಕಾರುತ್ತದೆ. ಕಾಯಂ ಇರುವ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಮಾತ್ರ ಕರುಳು ಕೈ ತಡೆದುಕೊಳ್ಳುತ್ತದೆ: ಕಾಡಲ್ ಎಂಬ ಪ್ರೋಟೀನು ಸೂಕ್ಷ್ಮಾಣುನಾಶಕ ಪೆಪ್ಟೈಡುಗಳ ಜೀನುಗಳನ್ನು ಅದುಮಿಟ್ಟಿರುತ್ತದೆ. ಈ ಕಾಯಂ ಮಂದಿಗೆ ‘ನಿವಾಸಿ ಸೂಕ್ಷ್ಮಾಣು’ ಎಂದು ಬರೆದೆ. ರೇಷನ್ ಕಾರ್ಡಿನ ಅರ್ಜಿಯಂತೆ ಕಾಣುತ್ತಿದೆ. ಬೇರೆ ಪದ ಇದೆಯೇ?

ಗದಗದಿಂದ:
‘ಒಕ್ಕಲು’. ಪತ್ರಿಕೆಗಳು ‘ಒಕ್ಕಲೆಬ್ಬಿಸಿದರು’ ಎಂದು ಬರೆಯುತ್ತಲೇ ಇರುತ್ತವೆ, ಒಕ್ಕಲು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಒಕ್ಕಲನ್ನು ಎಬ್ಬಿಸದೆ ಕಳ್ಳನನ್ನು ಹಿಡಿಯುವುದೇ ನಿಮ್ಮ ನೊಣದ ಕೆಲಸವಲ್ಲವೇ? ಪ್ರಯೋಗದಲ್ಲಿ ಕಾಡಲ್ ಅನ್ನು ಅಡಗಿಸಿದಾಗ ಪೆಪ್ಟೈಡುಗಳು ಉಕ್ಕಿ ಹಳೆಯ ಒಕ್ಕಲು ಎದ್ದುಹೋಯಿತು; ಮೂಲೆಯಲ್ಲಿದ್ದ ಗ್ಲುಕೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಮನೆ ತುಂಬಿಕೊಂಡಿತು, ಕರುಳಿನ ಕೋಶಗಳು ಸತ್ತವು. ಇದನ್ನು ‘ನಿವಾಸಿ’ ಹೇಳುತ್ತದೆಯೇ? ಸಂಸ್ಕೃತದ ಹಂಗು ಸಾಕು. ಕಣದಲ್ಲಿ ತೆನೆ ಒಕ್ಕುವವನೇ ಒಕ್ಕಲು, ಬೇರು ಅಲ್ಲಿದೆ.

ಹಾವೇರಿಯಿಂದ:
ಬೇರು ಅಲ್ಲಿಲ್ಲ. ತೆನೆ ಒಕ್ಕುವುದು ಬೇರೆ, ಒಕ್ಕಲಿರುವುದು ಬೇರೆ. ಗೃಹಪ್ರವೇಶಕ್ಕೆ ಮನೆಯೊಕ್ಕಲು ಎನ್ನುತ್ತಾರಲ್ಲ, ಅಂದು ಹೊಸ ಪಡಸಾಲೆಯಲ್ಲಿ ಜೋಳ ಒಕ್ಕುತ್ತಾರೆಯೇ? ಇರಲಿ. ನಮ್ಮ ಕಡೆಯ ರೈತ ‘ಒಕ್ಕಲು’ ಕಂಡರೆ ಒಕ್ಕಲುತನ ಎಂದೇ ಓದುತ್ತಾನೆ, ನೊಣದ ಹೊಟ್ಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಬೆಳೆದಿದೆ ಎಂದುಕೊಳ್ಳುತ್ತಾನೆ. ‘ನೆಲೆಸಿದ ಸೂಕ್ಷ್ಮಾಣು’ ಸಾಕು. ಮತ್ತೆ, ಸಂಸ್ಕೃತದ ಹಂಗು ಬೇಡ ಎಂದವರು ‘ಪತ್ರಿಕೆ’, ‘ಪ್ರಯೋಗ’, ‘ಕೋಶ’ಗಳನ್ನು ಯಾವ ಸಂತೆಯಿಂದ ತಂದರು?

ಗದಗದಿಂದ:
ತಮ್ಮ ‘ರೈತ’ ಬಂದದ್ದು ಅರಬ್ಬಿಯಿಂದ. ಅವನನ್ನು ಮೊದಲು ಕಳಿಸಿ, ಆಮೇಲೆ ನನ್ನ ಪತ್ರಿಕೆಯ ಲೆಕ್ಕ ಕೇಳಿ.

ಹಾವೇರಿಯಿಂದ:
ಕಳಿಸಬೇಕೆಂದು ನಾನು ಹೇಳಲೇ ಇಲ್ಲ. ಎಷ್ಟೋ ತಲೆಮಾರಿನಿಂದ ಇದ್ದಾನೆ, ಇರಲಿ. ‘ನಿವಾಸಿ’ಯೂ ಇರಲಿ. ಎಬ್ಬಿಸುವ ಉಮೇದು ನಿಮ್ಮದು.

ಧಾರವಾಡದಿಂದ:
‘ಒಕ್ಕಲು ಸೂಕ್ಷ್ಮಾಣು’ ಎಂದೇ ಕಳಿಸಿದೆ. ಅಡಿಯಲ್ಲಿ ಸಣ್ಣಕ್ಷರದಲ್ಲಿ ‘ಕರುಳಿನಲ್ಲಿ ನೆಲೆಸಿದವು’ ಎಂದು ಸೇರಿಸಿದ್ದೇನೆ. ಈಗ ಕರಡು ಬಂದಿದೆ, ‘ಒಕ್ಕಣ್ಣು ಸೂಕ್ಷ್ಮಾಣು’ ಎಂದು. ತಿದ್ದಿಸಲು ಬಸ್ ಹತ್ತುತ್ತಿದ್ದೇನೆ.