ಪದ ಬೇಕು: ಪಿಕರಿಂಗ್ ಎಮಲ್ಷನ್‌ಗೆ ಕನ್ನಡದಲ್ಲಿ ಏನನ್ನೋಣ?

ಬಳಗದವರಿಗೆ ಮೈಸೂರಿನಿಂದ ನಮಸ್ಕಾರ.

ಕೊಲಾಯ್ಡ್ (ತೀರ ಸಣ್ಣ ಕಣಗಳು ಇನ್ನೊಂದರಲ್ಲಿ ಹರಡಿ ನಿಂತ ಬೆರಕೆ) ಸಂಶೋಧನೆಯಲ್ಲೇ ವೃತ್ತಿ ಕಳೆದ ರಸಾಯನ ವಿಜ್ಞಾನಿಯೊಬ್ಬರು ಇಲ್ಲಿನ ಕಾಲೇಜಿನಲ್ಲಿ ಮಾತಾಡುತ್ತಾರೆ. ಅವರ ಪರಿಚಯವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫ್ಲೆಕ್ಸ್ ನಾಳೆ ಹತ್ತು ಗಂಟೆಗೆ ಪ್ರಿಂಟಿಗೆ ಹೋಗಬೇಕು. ‘ಪಾರ್ಟಿಕಲ್ ಸ್ಟೆಬಿಲೈಸ್ಡ್ ಎಮಲ್ಷನ್’ ಎಂಬಲ್ಲಿ ನಿಂತುಬಿಟ್ಟಿದ್ದೇನೆ. ಪಿಕರಿಂಗ್ ಎಮಲ್ಷನ್ ಅಂದರೂ ಇದೇ. ಎಮಲ್ಷನ್ ಅಂದರೆ ಒಂದು ದ್ರವ ಇನ್ನೊಂದರೊಳಗೆ ಕರಗದೆ ಹನಿಹನಿಯಾಗಿ ನಿಂತದ್ದು. ಎಣ್ಣೆ, ನೀರು ಸೇರಿಸಿ ಕಡೆದರೆ ಸ್ವಲ್ಪ ಹೊತ್ತಿಗೆ ಬೇರೆಯಾಗುತ್ತವೆ. ಅದನ್ನು ತಡೆಯಲು ಇಲ್ಲಿ ಸೋಪಿನಂಥದ್ದು ಬೇಕಿಲ್ಲ. ನುಣ್ಣನೆಯ ಪುಡಿಯೇ ಹನಿಯ ಮೈತುಂಬ ಕೂತು, ಹನಿಗಳು ಒಂದಾಗದಂತೆ ತಡೆಯುತ್ತದೆ.

ಹಿಂದಿಯವರು ಎಮಲ್ಷನ್‌ಗೆ ‘ಪಾಯಸ್’ ಅನ್ನುತ್ತಾರೆ. ಅದನ್ನು ನೋಡಿ ‘ಕಣಸ್ಥಿರೀಕೃತ ಪಾಯಸ’ ಎಂದು ಬರೆದೆ. ಆದರೆ ನಮಗೆ ಪಾಯಸ ಅಂದರೆ ಶ್ಯಾವಿಗೆ, ಏಲಕ್ಕಿ, ಅಲ್ವಾ? ‘ಕಣಗಾವಲಿನ ಎಮಲ್ಷನ್’ ನಡೆಯುತ್ತಾ?

ಮಂಡ್ಯದಿಂದ:

ಪಾಯಸ ಬೇಡ. ಕಣಗಾವಲೂ ಬೇಡ. ನಮ್ಮ ಕಡೆ ಕಣ ಕಾಯುವುದು ಅಂದರೆ ಒಕ್ಕಣೆಯಾದ ರಾಶಿ ಪಕ್ಕ ರಾತ್ರಿ ಮಲಗುವುದು. ಓದಿದವರಿಗೆ ಮೊದಲು ಅದೇ ಹೊಳೆಯುತ್ತದೆ.

ನೀವು ಕೊಲಾಯ್ಡ್ ಅಂತಲೇ ಬರೆದಿದ್ದು ಸರಿ. ಪಠ್ಯಪುಸ್ತಕದ ‘ಕಲಿಲ’ವನ್ನು ದಯವಿಟ್ಟು ತರಬೇಡಿ. ಅದು ‘ಕಲಸು’ವಿನಿಂದ ಬಂದ ಅಚ್ಚಗನ್ನಡ ಎಂದು ಎಷ್ಟೋ ಜನ ನಂಬಿದ್ದಾರೆ. ಅಲ್ಲವೇ ಅಲ್ಲ. ಗೀತೆಯ ಎರಡನೇ ಅಧ್ಯಾಯದಲ್ಲಿ ‘ಮೋಹಕಲಿಲಂ’ ಎಂದಿದೆ, ನೋಡಿ. ಕಲಬೆರಕೆ, ಗೋಜಲು ಎಂಬ ಅರ್ಥದ ಸಂಸ್ಕೃತ ಪದ ಅದು. 1861ರಲ್ಲಿ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ ಕೊಲಾಯ್ಡ್ ಎಂಬ ಹೆಸರಿಟ್ಟಿದ್ದು ಗ್ರೀಕಿನ ‘ಕೊಲ್ಲ’ದಿಂದ. ಅಂದರೆ ಅಂಟು. ಗೋಂದು, ಜೆಲಾಟಿನ್ ಥರದವು ಪೊರೆ ದಾಟುವುದಿಲ್ಲ ಎಂಬುದು ಅವರು ಕಂಡ ಮುಖ್ಯ ಸಂಗತಿ. ಅಂಟು ಇರಬೇಕಾದ ಕಡೆ ಗೋಜಲು ತಂದು ಕೂರಿಸಿದ್ದೇವೆ. ಎರಡೂ ಪದ ಕಿವಿಗೆ ಹತ್ತಿರ ಎಂಬುದು ಬಿಟ್ಟರೆ ನನಗೆ ಬೇರೆ ಕಾರಣ ಕಾಣುವುದಿಲ್ಲ.

ಇನ್ನು ನಿಮ್ಮ ಪದ. ಪುಡಿ ಹೀಗೆ ಹನಿಗಳನ್ನು ಉಳಿಸುವುದನ್ನು 1903ರಲ್ಲೇ ವಾಲ್ಟರ್ ರಾಮ್ಸ್‌ಡೆನ್ ಕಂಡಿದ್ದರು. ಹೆಸರು ಉಳಿದಿದ್ದು 1907ರಲ್ಲಿ ಬರೆದ ಸ್ಪೆನ್ಸರ್ ಪಿಕರಿಂಗ್ ಅವರದು. ಅವರು ಹಣ್ಣಿನ ಗಿಡಗಳಿಗೆ ಹೊಡೆಯುವ ಔಷಧಿಯ ಮೇಲೆ ಕೆಲಸ ಮಾಡಿದವರು. ಮೈಲುತುತ್ತಕ್ಕೆ ಸುಣ್ಣ ಸೇರಿಸಿದಾಗ ಬರುವ ತಾಮ್ರದ ಸಂಯುಕ್ತದ ನುಣ್ಣನೆಯ ಕಣಗಳಿಂದ ಪ್ಯಾರಾಫಿನ್ ಎಣ್ಣೆಯನ್ನು ನೀರಿನಲ್ಲಿ ನಿಲ್ಲಿಸಿದರು. ನಮ್ಮ ಅಡಿಕೆ ತೋಟದವರು ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಕಲಸುವುದೂ ಆ ಎರಡನ್ನೇ!

ಕಣ ಪೂರ್ತಿ ನೀರಿನೊಳಗೆ ಇಳಿದರೂ ಕೆಲಸವಾಗದು, ಪೂರ್ತಿ ಎಣ್ಣೆಗೆ ಸೇರಿದರೂ ಆಗದು. ಗಡಿಯಲ್ಲಿ ಎರಡಕ್ಕೂ ಮೈ ಕೊಟ್ಟು ಕೂರಬೇಕು. ನೀರಿನ ಕಡೆ ಒಲವು ಜಾಸ್ತಿಯಿದ್ದರೆ ನೀರಿನಲ್ಲಿ ಎಣ್ಣೆ ಹನಿ, ಎಣ್ಣೆಯ ಕಡೆಗಿದ್ದರೆ ಎಣ್ಣೆಯಲ್ಲಿ ನೀರಿನ ಹನಿ. ಸೋಪಿನ ಅಣು ಬರುತ್ತದೆ, ಹೋಗುತ್ತದೆ. ಕಣ ಕೂತರೆ ಸುಲಭಕ್ಕೆ ಏಳುವುದಿಲ್ಲ. ಕಾವಲಿಗೆ ಪಾಳಿ ಇರುತ್ತದೆ, ಇದಕ್ಕಿಲ್ಲ. ಇದು ಹೊದಿಕೆ. ‘ಪುಡಿ ಹೊದ್ದ ಹನಿಗಳ ಎಮಲ್ಷನ್’ ಅನ್ನಿ.

ಮೈಸೂರಿನಿಂದ ಇನ್ನೊಬ್ಬರು:

ಪುಡಿಯನ್ನಷ್ಟೇ ಕನ್ನಡ ಮಾಡಿ ಎಮಲ್ಷನ್ ಹಾಗೇ ಬಿಟ್ಟರೆ ಅದು ಅನುವಾದವೇ ಅಲ್ಲ. ಲ್ಯಾಟಿನ್ನಿನಲ್ಲಿ ಅದರ ಬೇರು ‘ಹಾಲು ಕರೆ’. ‘ಹಾಲ್ಬೆರಕೆ’ ಎನ್ನಿ. ಪ್ರತಿ ಸಲವೂ ಎರವಲು ತಂದರೆ ಪದ ಕಟ್ಟುವ ಅಭ್ಯಾಸವೇ ತಪ್ಪಿಹೋಗುತ್ತದೆ.

ಮಂಡ್ಯದಿಂದ:

ಬೆಣ್ಣೆಯೂ ಎಮಲ್ಷನ್ನೇ, ಸ್ವಾಮಿ. ಜಿಡ್ಡಿನೊಳಗೆ ನೀರಿನ ಹನಿ. ಹಾಲು ಕಡೆದು ತೆಗೆದದ್ದನ್ನು ಮತ್ತೆ ಹಾಲ್ಬೆರಕೆ ಅನ್ನೋಣವೇ? ಗೋಡೆಗೆ ಬಣ್ಣ ಹೊಡೆಯುವವರ ಬಾಯಲ್ಲಿ ಎಮಲ್ಷನ್ ಯಾವತ್ತೋ ಕನ್ನಡವಾಗಿದೆ. ಪೋರ್ಚುಗೀಸರ ಅಲಮಾರು ನಮ್ಮ ಮನೆಯಲ್ಲಿಲ್ಲವೇ?

ಮೈಸೂರಿನಿಂದ, ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದ. ‘ಪುಡಿ ಹೊದ್ದ ಹನಿಗಳ ಎಮಲ್ಷನ್’ ಎಂದೇ ಹಾಕಿದೆ. ಕೆಳಗೆ ಸಣ್ಣಕ್ಷರದಲ್ಲಿ ಪಿಕರಿಂಗ್ ಹೆಸರೂ ಇದೆ. ಕಣ ಗಡಿಯಲ್ಲಿ ಎಷ್ಟು ನೆನೆದು ಕೂತಿದೆ ಎಂದು ಹೇಳುವ ‘ಕಾಂಟ್ಯಾಕ್ಟ್ ಆಂಗಲ್’ಗೆ ‘ತಾಗುಕೋನ’ ಎಂದು ಬರೆದಿದ್ದೇನೆ. ಅರಿಸಮಾಸ ಎಂದು ಗೊತ್ತು. ಆದರೂ ‘ಸ್ಪರ್ಶಕೋನ’ಕ್ಕಿಂತ ಇದೇ ಬೇಗ ತಲೆಗೆ ಹೋಗುತ್ತದೆ ಅನ್ನಿಸಿತು. ಬದಲಿಸಲೇಬೇಕು ಅನ್ನುವವರು ಒಂಬತ್ತೂವರೆಯೊಳಗೆ ಬರೆಯಿರಿ.