ಸಹಾಯ ಬೇಕು: ನಮಾಜಿನ್ಯಾಗ ಮನಸ್ಸು ನಿಲ್ಲವಲ್ದು

ಅಸ್ಸಲಾಮು ಅಲೈಕುಮ್. ವಿಜಯಪುರದಾಗ ಗಾಂಧಿ ಚೌಕದ ಹತ್ತಿರ ನಂದು ಬಟ್ಟಿ ಅಂಗಡಿ ಅದ. ಐದು ಹೊತ್ತಿನ ನಮಾಜ್ ಬಿಡಂಗಿಲ್ಲ, ಆದ್ರ ಖುಶೂ (ಮನಸಿಟ್ಟು ಭಕ್ತಿಲೆ ನಿಲ್ಲೂದು) ಬರವಲ್ದು.

ಫಜರ್ (ನಸುಕಿನ ನಮಾಜ್) ಚಲೋ ಆಗ್ತದ, ಊರೇ ಸುಮ್ಮನಿರ್ತದ. ಅಸರ್ (ಸಂಜಿಮುಂದಿನ ನಮಾಜ್) ಹೊತ್ತಿಗೇ ಫಜೀತಿ. ಗಿರಾಕಿ ಮುಂದ ಸೀರಿ ಬಿಚ್ಚಿ ಹಾಕಿರ್ತೀನಿ, ಅಜಾನ್ ಆಗ್ತದ, ಹುಡುಗನ್ನ ಗಲ್ಲಾದ ಮ್ಯಾಲ ಕೂಡ್ರಿಸಿ ಓಡ್ತೀನಿ. ಕೈ ಕಟ್ಟಿ ನಿಂತ್ರ ಬಾಯಾಗ ಫಾತಿಹಾ, ತಲ್ಯಾಗ ಉದ್ರಿ ಲೆಕ್ಕ. ಜಮಾಅತ್ ತಪ್ಪಿ ಒಬ್ಬನೇ ಓದುವಾಗಂತೂ ಮೂರನೇ ರಕಅತೋ (ನಮಾಜಿನ ಒಂದು ಸುತ್ತು) ನಾಲ್ಕನೇದೋ ಗೊತ್ತಾಗಂಗಿಲ್ಲ. ಸಜ್ದಾ ಸಹ್ವ್ (ಮರೆತು ತಪ್ಪಾದದ್ದಕ್ಕ ಹೆಚ್ಚಿಗಿ ನೆಲಕ್ಕ ಹಣಿ ಹಚ್ಚೂದು) ಮಾಡ್ತೀನಿ ಖರೆ, ಅದ ದಿನಾ ಆದ್ರ ಹೆಂಗ?

ಇನ್ನೊಂದು. ಹಿರಿಯಾರು ಹಿಂದಿನ ಸಾಲಿನ್ಯಾಗ ಇದ್ರ ನನ್ನ ಸಜ್ದಾ ತಾನೇ ಉದ್ದ ಆಗ್ತದ! ಕುರ್‌ಆನಿನ 107ನೇ ಸೂರಾ (ಅಧ್ಯಾಯ) ಅಲ್-ಮಾಊನ್ ಕನ್ನಡ ಅನುವಾದದಾಗ ಓದಿದೆ. ನಮಾಜಿನ ಬಗ್ಗೆ ಅಸಡ್ಡೆ ಮಾಡೂರಿಗೆ, ತೋರಿಕಿಗೆ ಮಾಡೂರಿಗೆ ಅದರಾಗ ಕಟ್ಟೆಚ್ಚರಿಕೆ ಅದ. ಎದಿ ಧಸಕ್ಕಂತು.

ದೋಸ್ತ ಒಬ್ಬಾಂವ ತಹಜ್ಜುದ್ (ನಡುರಾತ್ರಿ ಎದ್ದು ಮಾಡೂ ನಮಾಜ್), ತಿಲಾವತ್ (ಕುರ್‌ಆನ್ ಓದೂದು), ಜಿಕ್ರ್ (ಅಲ್ಲಾಹನ ಸ್ಮರಣಿ) ಎಲ್ಲಾ ಒಮ್ಮೆಲೇ ಶುರು ಮಾಡು ಅಂತಾನ. ನನಗದು ಸರಿ ಅನಸವಲ್ದು. ಸಣ್ಣದಾದ್ರೂ ಬಿಡದಂಗ ಮಾಡೂ ಅಮಲ್ (ಒಳ್ಳೆ ಕೆಲಸ) ಅಲ್ಲಾಹನಿಗೆ ಹೆಚ್ಚು ಇಷ್ಟ ಅಂತ ಹದೀಸ್ (ಪ್ರವಾದಿಯವರ ಮಾತು) ಅದಲ್ಲ? ಮೊದಲ ಯಾವುದು ಹಿಡೀಲಿ?

ಅಂಗಡಿ ನಡಸೂ ಭಾಯಿಗಳು, ಮನಿ ಸಂಭಾಳಸೂ ಆಪಾಗಳು ನೀವು ಹೆಂಗ ಮಾಡ್ತೀರಿ ಹೇಳ್ರಿ. ಇಶಾ (ರಾತ್ರಿ ನಮಾಜ್) ಆದ ಮ್ಯಾಲ ಸಣ್ಣ ಸೂರಾಗಳ ಅರ್ಥ ಕನ್ನಡದಾಗ ಹೇಳಿಕೊಡೂ ಮೌಲಾನಾ ಊರಾಗ ಇದ್ರ ತಿಳಸ್ರಿ. ಫೋನ್ ಅಂಗಡ್ಯಾಗ ಇಟ್ಟು ಹೋಗು ಅಂತ ಮಾತ್ರ ಹೇಳಬ್ಯಾಡ್ರಿ, ಅದು ಆಗಲೇ ಮಾಡೀನಿ.